ಹರಾಜಿನ ಬೆಲೆ ಬೇರೆ, ಮನೆ ಮುಟ್ಟುವ ಬೆಲೆ ಬೇರೆ: ಅಂಚೆ ಖರ್ಚು ಹಾಕುವ ರೀತಿಗಳ ಹೋಲಿಕೆ

ಒಂದೇ ಬಗೆಯ ಹಳೆಯ ಎಚ್‌ಎಂಟಿ ಜನತಾ ಕೈಗಡಿಯಾರ ಆನ್‌ಲೈನ್‌ನಲ್ಲಿ ಮೂರು ಕಡೆ ಹರಾಜಿಗೆ ಬಂದಿದೆ ಅಂದುಕೊಳ್ಳಿ. ಮೊದಲನೆಯವರು ಸವಾಲನ್ನು 1 ರೂಪಾಯಿಗೆ ತೆರೆದು, ವಿವರಣೆಯ ತಳದಲ್ಲಿ ‘ಅಂಚೆ, ಪ್ಯಾಕಿಂಗ್ 349’ ಎಂದು ಬರೆದಿದ್ದಾರೆ. ಎರಡನೆಯವರದು 270ಕ್ಕೆ ಶುರು, ಅಂಚೆಗೆ 80. ಮೂರನೆಯವರದು 350ಕ್ಕೆ ಶುರು, ಅಂಚೆ ಉಚಿತ. ಒಬ್ಬರೇ ಗಿರಾಕಿ ಬಂದರೆ ಮೂರೂ ಕಡೆ ಜೇಬಿನಿಂದ ಹೋಗುವುದು ಅದೇ 350 ರೂಪಾಯಿ. ಆದರೂ ಜನ ಮುಗಿಬೀಳುವುದು 1 ರೂಪಾಯಿಯ ಹರಾಜಿಗೇ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ತಂಜೀಮ್ ಹೊಸೈನ್ ಮತ್ತು ಜಾನ್ ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಇಬೇ ತಾಣದಲ್ಲಿ ಸಂಗೀತದ ಸಿಡಿ ಮತ್ತು ವಿಡಿಯೊ ಗೇಮ್‌ಗಳನ್ನು ಹರಾಜಿಗಿಟ್ಟು, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಒಂದು ಸಲ 4 ಡಾಲರಿಗೆ ತೆರೆದು ಅಂಚೆ ಉಚಿತ ಎಂದರು. ಅದೇ ಸರಕನ್ನು ಇನ್ನೊಂದು ಸಲ 1 ಸೆಂಟಿಗೆ ತೆರೆದು ಅಂಚೆಗೆ 3.99 ಡಾಲರ್ ಎಂದರು. ಒಟ್ಟು ಮೊತ್ತ ಎರಡೂ ಕಡೆ ಒಂದೇ ಇದ್ದರೂ ಎರಡನೆಯದಕ್ಕೆ ಹೆಚ್ಚು ಜನ ಬಂದರು, ಬೇಗ ಬಂದರು, ಕೊನೆಗೆ ಕೊಟ್ಟ ಒಟ್ಟು ಹಣವೂ ಹೆಚ್ಚೇ ಆಯಿತು. ಅಂಚೆಯ ಮೊತ್ತವನ್ನು ಇನ್ನೂ ಏರಿಸಿದಾಗ ಸಿಡಿಗಳ ಮಟ್ಟಿಗೆ ಆ ಲಾಭ ಉಳಿಯಲಿಲ್ಲ. ಅಂದರೆ ಗಿರಾಕಿ ಅಂಚೆ ಖರ್ಚನ್ನು ನೋಡುವುದೇ ಇಲ್ಲ ಎಂದಲ್ಲ, ಸವಾಲು ಹಾಕುವ ಹೊತ್ತಿಗೆ ಅದನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹರಾಜಿನಲ್ಲಿ ಬೆಲೆ ಹದಕ್ಕೆ ಬರುವುದು ಪೈಪೋಟಿಯಿಂದ. ಒಬ್ಬರು 300 ಎಂದರೆ ಇನ್ನೊಬ್ಬರು 320 ಎನ್ನುತ್ತಾರೆ. ಅಂಚೆ ಖರ್ಚಿನ ಮೇಲೆ ಮಾತ್ರ ಯಾರೂ ಸವಾಲು ಹಾಕುವುದಿಲ್ಲ, ಅದನ್ನು ಬರೆಯುವವರು ಮಾರುವವರೊಬ್ಬರೇ. ಪೈಪೋಟಿಗೆ ಸಿಗದ ಈ ಮೊತ್ತ ಮೊದಲ ಸವಾಲಿಗಿಂತ ಮುಂಚೆಯೇ ಎಲ್ಲರಿಗೂ ಕಾಣಬೇಕು, ನಿಜವಾದ ಖರ್ಚಿಗೆ ಹತ್ತಿರವೂ ಇರಬೇಕು. ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿಗೆ ದರ ಹಾಕುವ ವ್ಯಾಪಾರಿಗೆ ಹಮಾಲಿ ಎಷ್ಟು, ಬಾಕ್ಸಿನ ತೂಕ ಎಷ್ಟು ಕಳೆಯುತ್ತಾರೆ ಎನ್ನುವುದು ಮೊದಲೇ ಗೊತ್ತಿರುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನು ದರ ಹಾಕುತ್ತಾನೆ. ಆನ್‌ಲೈನ್ ಹರಾಜಿನ ಗಿರಾಕಿಗೂ ಅಷ್ಟು ಗೊತ್ತಿರಲೇಬೇಕು.

ಅಂಚೆಯ ಹೆಸರಿನಲ್ಲಿ ಹಣ ಎತ್ತುವ ಚಾಳಿಗೆ ಇನ್ನೊಂದು ಕಾರಣವೂ ಇತ್ತು. ಹರಾಜಿನ ತಾಣಗಳು ಮೊದಮೊದಲು ಕಮಿಷನ್ ತೆಗೆದುಕೊಳ್ಳುತ್ತಿದ್ದದ್ದು ವಸ್ತುವಿನ ಬೆಲೆಯ ಮೇಲೆ ಮಾತ್ರ. ಬೆಲೆ ಕಡಿಮೆ ತೋರಿಸಿ ಅಂಚೆ ಹೆಚ್ಚು ತೋರಿಸಿದರೆ ಕಮಿಷನ್ ಉಳಿಯುತ್ತಿತ್ತು. ಇಬೇ 2011ರಲ್ಲಿ ಅಮೆರಿಕದಲ್ಲಿ ಅಂಚೆ ಖರ್ಚಿನ ಮೇಲೂ ಕಮಿಷನ್ ಹಾಕಿ ಆ ದಾರಿ ಮುಚ್ಚಿತು. ಇಬೇಯ ಭಾರತದ ತಾಣ 2018ರಲ್ಲಿ ಬಂದಾಯಿತು. ಈಗ ಬೆಳಗಾವಿ, ಬಾಗಲಕೋಟೆ ಕಡೆಯ ಸಣ್ಣ ಹರಾಜುಗಳು ಹೆಚ್ಚಾಗಿ ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ ನಡೆಯುತ್ತವೆ. ಅಲ್ಲಿ ತಪ್ಪಿಸಿಕೊಳ್ಳಲು ಕಮಿಷನ್ನೇ ಇಲ್ಲ. ಆದರೂ ‘ಅಂಚೆ ಎಕ್ಸ್‌ಟ್ರಾ’ ಎಂಬ ಎರಡು ಪದ ಬರೆದು, ಗೆದ್ದ ಮೇಲೆ ಮೊತ್ತ ಹೇಳುವ ರೂಢಿ ಹಾಗೇ ಉಳಿದಿದೆ. ಎಲ್ಲಕ್ಕಿಂತ ಕೆಟ್ಟ ರೀತಿ ಇದೇ. ಗೆದ್ದವರು ಹಿಂದೆ ಸರಿದರೆ ಗುಂಪಿನಲ್ಲಿ ಹೆಸರು ಕೆಡುತ್ತದೆ, ಆ ಮುಜುಗರಕ್ಕೆ ಅಂಜಿ ಕೇಳಿದಷ್ಟು ಕೊಡುತ್ತಾರೆ. ಹಾಗಾಗಿ ಇದನ್ನು ಕೆಳಗಿನ ಹೋಲಿಕೆಯಲ್ಲಿ ಆಯ್ಕೆಯೆಂದೇ ಎಣಿಸಿಲ್ಲ.

ಕೊಳ್ಳುವವರಿಗೆ ಒಂದೇ ಲೆಕ್ಕ

ವಸ್ತು ಮನೆಗೆ ಬಂದು ಮುಟ್ಟಲು ಒಟ್ಟು ಎಷ್ಟು ಕೊಡಲು ಸಿದ್ಧ ಎಂದು ಮೊದಲು ಗಟ್ಟಿಮಾಡಿಕೊಳ್ಳಿ. ಅದರಿಂದ ಅಂಚೆ, ಪ್ಯಾಕಿಂಗ್, ಪಾವತಿಯ ಶುಲ್ಕ ಏನಾದರೂ ಇದ್ದರೆ ಅದು, ಎಲ್ಲವನ್ನೂ ಕಳೆಯಿರಿ. ಉಳಿದದ್ದು ನಿಮ್ಮ ಕೊನೆಯ ಸವಾಲು. ಮೇಲಿನ ಗಡಿಯಾರಕ್ಕೆ 600ರ ತನಕ ಹೋಗಬಹುದು ಎನಿಸಿದರೆ ಮೊದಲನೆಯವರ ಹರಾಜಿನಲ್ಲಿ ನಿಮ್ಮ ಮಿತಿ 251, ಎರಡನೆಯವರಲ್ಲಿ 520, ಮೂರನೆಯವರಲ್ಲಿ 600. ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಹರಾಜಿಗೆ ಕೂಡಬೇಕು. ಕೊನೆಯ ಎರಡು ನಿಮಿಷದ ಗಡಿಬಿಡಿಯಲ್ಲಿ ಕಳೆಯುವ ಲೆಕ್ಕ ಯಾರಿಗೂ ಆಗುವುದಿಲ್ಲ.

ಅಂಚೆ ಖರ್ಚು ಬರೆದಿಲ್ಲದಿದ್ದರೆ ಸವಾಲು ಹಾಕುವ ಮುಂಚೆ ಪಿನ್ ಕೋಡ್ ಕೊಟ್ಟು ಎಲ್ಲರಿಗೂ ಕಾಣುವಂತೆ ಗುಂಪಿನಲ್ಲೇ ಕೇಳಿ: ‘ಅಣ್ಣಾರ, ವಿಜಯಪುರ 586101ಕ್ಕ ಕಳಸಾಕ ಎಷ್ಟ ಆಗ್ತದರಿ? ಪ್ಯಾಕಿಂಗ್ ಅದರಾಗ ಬಂತೇನ್ರಿ?’ ಖಾಸಗಿಯಾಗಿ ಕೇಳಿದರೆ ಉತ್ತರ ನಿಮಗೊಬ್ಬರಿಗೇ ಸಿಗುತ್ತದೆ, ನಾಳೆ ಅದು ಬದಲಾಗಲೂಬಹುದು. ಎಲ್ಲರ ಮುಂದೆ ಹೇಳಿದ ಮಾತಿಗೆ ಸಾಕ್ಷಿ ಇರುತ್ತದೆ.

ಅಂಚೆ ಉಚಿತ

ನೋಡಲು ಅತ್ಯಂತ ಪ್ರಾಮಾಣಿಕವಾದ ರೀತಿ ಇದು. ಕಾಣುವ ಬೆಲೆಯೇ ಕೊಡುವ ಬೆಲೆ, ಬೇರೆ ಹರಾಜುಗಳ ಜೊತೆ ಹೋಲಿಸುವುದೂ ಸಲೀಸು. ಒಂದೇ ದೊಡ್ಡ ವಸ್ತು, ಒಬ್ಬರೇ ಗಿರಾಕಿ ಎಂದಾದರೆ ಇದು ಒಳ್ಳೆಯದು. ಇಳಕಲ್ ಸೀರೆ, ದುಬಾರಿ ಗಡಿಯಾರ, ಚೌಕಟ್ಟು ಹಾಕಿದ ಚಿತ್ರ, ಇಂಥವಕ್ಕೆ ಹೊಂದುತ್ತದೆ.

ಎರಡು ಎಚ್ಚರ ಬೇಕು. ಮಾರುವವರ ಕಡೆಯಿಂದ: ಒಂದೇ ಸವಾಲು ಬಿದ್ದು ಆರಂಭದ ಬೆಲೆಗೇ ಮುಗಿದರೂ ಅಂಚೆಯ ಹಣ ಅದರೊಳಗೇ ಇರಬೇಕು. 1 ರೂಪಾಯಿಯ ಆರಂಭ ಮತ್ತು ಉಚಿತ ಅಂಚೆ ಎರಡನ್ನೂ ಒಟ್ಟಿಗೆ ಇಟ್ಟವರು ಆಮೇಲೆ ‘ಸ್ಟಾಕ್ ಇಲ್ಲ’ ಎಂದು ಜಾರಿಕೊಳ್ಳುವುದು ಇದೇ ಕಾರಣಕ್ಕೆ. ಕೊಳ್ಳುವವರ ಕಡೆಯಿಂದ: ಒಬ್ಬರ ಬಳಿ ಐದು ವಸ್ತು ಗೆದ್ದರೆ ಐದು ಅಂಚೆಯ ಹಣ ಬೆಲೆಗಳೊಳಗೆ ಕೂತಿರುತ್ತದೆ, ಕಳಿಸುವುದು ಮಾತ್ರ ಒಂದೇ ಪೊಟ್ಟಣ. ಅಂಚೆಚೀಟಿ, ಪೋಸ್ಟ್‌ಕಾರ್ಡ್, ಗುಳೇದಗುಡ್ಡದ ಖಣ, ಹೀಗೆ ಹಗುರವಾದ, ಹಲವಾರು ಕೊಳ್ಳುವ ಸರಕಿಗೆ ‘ಉಚಿತ’ ಎನ್ನುವುದು ನಿಜಕ್ಕೂ ತುಟ್ಟಿ.

ಒಂದೇ ದರ ಮತ್ತು ತೂಕ-ದೂರದ ದರ

ನಿಜವಾದ ಆಯ್ಕೆ ಇರುವುದು ಈ ಎರಡರ ನಡುವೆ. ಎಲ್ಲ ಊರಿಗೂ ಒಂದೇ ದರ ಹಾಕಿದರೆ ಹೇಳುವುದು ಸುಲಭ, ಮೊದಲೇ ಹೇಳಬಹುದು. ತೂಕ, ದೂರ ನೋಡಿ ಹಾಕಿದರೆ ಪ್ರತಿಯೊಬ್ಬರೂ ತಮ್ಮ ಪಾಲಿನದನ್ನಷ್ಟೇ ಕೊಡುತ್ತಾರೆ. ಯಾವುದು ನ್ಯಾಯ ಎನ್ನುವುದು ದರಗಳ ನಡುವಿನ ಅಂತರ ಎಷ್ಟು ಎನ್ನುವುದರ ಮೇಲೆ ನಿಂತಿದೆ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ, ಕಾಗದಪತ್ರಗಳ ಸ್ಪೀಡ್ ಪೋಸ್ಟ್‌ಗೆ 50 ಗ್ರಾಂ ತನಕ ಅದೇ ಊರಿನೊಳಗೆ 19 ರೂಪಾಯಿ, ದೇಶದ ಬೇರೆ ಎಲ್ಲಿಗಾದರೂ 47. ಇದರ ಮೇಲೆ 18 ಶೇಕಡಾ ಜಿಎಸ್‌ಟಿ, ಅಂದರೆ 47 ಆಗುವುದು 55.46. ಅಂಚೆಚೀಟಿ, ಮೊದಲ ದಿನದ ಲಕೋಟೆ (ಹೊಸ ಅಂಚೆಚೀಟಿ ಬಿಡುಗಡೆಯಾದ ದಿನದ ಮುದ್ರೆ ಇರುವುದು), ಹಳೆಯ ಪೋಸ್ಟ್‌ಕಾರ್ಡ್ ಮಾರುವವರಿಗೆ ಈ ಹಂತದಲ್ಲಿ ದೂರದ ಪ್ರಶ್ನೆಯೇ ಇಲ್ಲ. ಬಾಗಲಕೋಟೆಯಿಂದ ಬಾದಾಮಿಗೆ ಕಳಿಸಿದರೂ ಗುವಾಹಟಿಗೆ ಕಳಿಸಿದರೂ ಅದೇ ದರ. ಇಲ್ಲಿ ಒಂದೇ ದರ ಹಾಕುವುದೇ ಸರಿ. ಗಟ್ಟಿ ಲಕೋಟೆ, ಒಳಗಿನ ರಟ್ಟು ಎಲ್ಲ ಸೇರಿ 65 ರೂಪಾಯಿ ಎಂದು ಹಾಕಿದರೆ ಯಾರೂ ತಪ್ಪು ಹುಡುಕಲಾರರು. 120 ಎಂದು ಹಾಕಿದರೆ ಹುಡುಕಬೇಕು.

51ರಿಂದ 250 ಗ್ರಾಂ ಹಂತಕ್ಕೆ ಬಂದರೆ ದೂರ ಲೆಕ್ಕಕ್ಕೆ ಬರುತ್ತದೆ. ಊರೊಳಗೆ 24, 200 ಕಿಲೋಮೀಟರ್ ತನಕ 59, 500ರ ತನಕ 63, 1000ದ ತನಕ 68, 2000ದ ತನಕ 72, ಅದರಾಚೆ 77. ಬಾಗಲಕೋಟೆಯಿಂದ ವಿಜಯಪುರಕ್ಕೆ ಜಿಎಸ್‌ಟಿ ಸೇರಿ 69.62, ಹೈದರಾಬಾದಿಗೆ 74.34, ದಿಲ್ಲಿಗೆ 84.96. ಎಲ್ಲರಿಗೂ 85 ಎಂದು ಹಾಕಿದರೆ ವಿಜಯಪುರದವರು 15 ರೂಪಾಯಿ ಹೆಚ್ಚು ಕೊಟ್ಟಂತಾಯಿತು, ಅದರಲ್ಲೇ ಲಕೋಟೆಯ ಖರ್ಚೂ ಮುಗಿಯುತ್ತದೆ. ಇದು ಸಹಿಸಬಹುದಾದ ಅಂತರ. ಆದರೆ ಊರೊಳಗಿನವರಿಗೆ ನಿಜವಾದ ಖರ್ಚು 28.32. ಅವರಿಗೂ 85 ಹಾಕುವುದು ಅನ್ಯಾಯ. ಹಾಗಾಗಿ ‘ಊರೊಳಗೆ 40, ಹೊರಗೆ 85’ ಎಂದು ಎರಡು ದರ ಬರೆಯಿರಿ.

ತೂಕ ಏರಿದಂತೆ, ವಸ್ತು ಪಾರ್ಸೆಲ್ ಆದಂತೆ, ಹತ್ತಿರ-ದೂರದ ನಡುವಿನ ಅಂತರ ಬೆಳೆಯುತ್ತದೆ. ಎರಡು ಕಿಲೋ ದಾಟಿದ ವಸ್ತುವಿಗೆ ದೇಶಕ್ಕೆಲ್ಲ ಒಂದೇ ದರ ಹಾಕಿದರೆ ಬೆಳಗಾವಿಯ ಗಿರಾಕಿ ಕೋಲ್ಕತ್ತದ ಗಿರಾಕಿಯ ಅಂಚೆ ಖರ್ಚು ಹೊರುತ್ತಾನೆ. ಅಲ್ಲಿ ತೂಕ-ದೂರದ ದರವೇ ಬೇಕು. ಮಾರುವವರು ಮಾಡಬೇಕಾದದ್ದು ಇಷ್ಟೇ: ಹರಾಜಿಗೆ ಇಡುವ ಮುಂಚೆಯೇ ಪ್ಯಾಕ್ ಮಾಡಿ, ತೂಕ ಮಾಡಿ, ನಾಲ್ಕು ಊರಿನ ದರ ವಿಚಾರಿಸಿ ಬರೆಯುವುದು. ನಮ್ಮ ಜಿಲ್ಲೆಗಳು (ಬೆಳಗಾವಿ, ಬಾಗಲಕೋಟೆ, ವಿಜಯಪುರ), ಬೆಂಗಳೂರು, ಮುಂಬಯಿ, ದಿಲ್ಲಿ. ಉಳಿದವರು ತಮ್ಮ ಊರು ಯಾವುದಕ್ಕೆ ಹತ್ತಿರ ಎಂದು ತಾವೇ ಅಂದಾಜಿಸಿಕೊಳ್ಳುತ್ತಾರೆ.

ಹಳೆಯ ವಿವರಣೆಯನ್ನೇ ಮತ್ತೆ ಮತ್ತೆ ಅಂಟಿಸುವವರು ಒಂದು ಮಾತು ಗಮನಿಸಬೇಕು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಗಿದೆ. ‘ರಿಜಿಸ್ಟರ್ ಪೋಸ್ಟ್ ಖರ್ಚು ಇಷ್ಟು’ ಎಂಬ ಸಾಲು ಇನ್ನೂ ಇದ್ದರೆ ತೆಗೆಯಿರಿ. ವಿಳಾಸದಾರರ ಕೈಗೇ ಕೊಡಬೇಕು ಎಂದಾದರೆ ಸ್ಪೀಡ್ ಪೋಸ್ಟ್ ಮೇಲೆ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟು ರಿಜಿಸ್ಟ್ರೇಷನ್ ಪಡೆಯಬಹುದು. ಒಟಿಪಿ ತೋರಿಸಿ ಪಡೆಯುವ ಸೌಲಭ್ಯಕ್ಕೂ ಅಷ್ಟೇ. ಬೆಲೆಬಾಳುವ ವಸ್ತುವಿಗೆ ಈ 5.90 ರೂಪಾಯಿಯನ್ನು ಉಳಿಸಲು ಹೋಗಬೇಡಿ.

ಪುಸ್ತಕಗಳ ಲೆಕ್ಕ ಬೇರೆ. ಅಂಚೆ ಇಲಾಖೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಆರಂಭಿಸಿದೆ. ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ ಹೋದರೂ 100, ಮೇಲೆ ತೆರಿಗೆ. ಭೂಮಾರ್ಗವಾಗಿ ಹೋಗುತ್ತದೆ, ನಿಧಾನ. ಪುಸ್ತಕದ ಮೇಲೆ ಮುದ್ರಕರು ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ತುಂಬಿದ ಪ್ರಕಟಣೆಗಳಿಗೆ ಇದು ಸಿಗುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳ ಕಟ್ಟು ಹರಾಜು ಹಾಕುವವರು ಮೊದಲು ಕೌಂಟರಿನಲ್ಲಿ ಒಂದು ಪುಸ್ತಕ ತೋರಿಸಿ ಒಪ್ಪುತ್ತಾರೆಯೇ ಎಂದು ಕೇಳಿ, ಆಮೇಲೆ ದರ ಬರೆಯಲಿ. ಕೊರಿಯರ್ ದರ ಬರೆದು ಜ್ಞಾನ ಪೋಸ್ಟ್‌ನಲ್ಲಿ ಕಳಿಸುವುದು ಮಾತ್ರ ಕೂಡದು.

ತೂಕ ಎಲ್ಲಿ ತಪ್ಪುತ್ತದೆ

ಮಾರುವವರು ಅಂಚೆ ಖರ್ಚನ್ನು ಏರಿಸಿ ಹಾಕುವುದು ಎಲ್ಲ ಸಲವೂ ದುರಾಸೆಯಿಂದಲ್ಲ. ತೂಕದ ಅಂದಾಜು ತಪ್ಪಿ ಎರಡು ಸಲ ಕೈಯಿಂದ ಹಣ ಹೋದರೆ, ಮೂರನೆಯ ಸಲ ಭಯಕ್ಕೇ ಹೆಚ್ಚು ಹಾಕುತ್ತಾರೆ. ಅದಕ್ಕೆ ಮದ್ದು ತೂಕದ ಯಂತ್ರ. ಅಡುಗೆಮನೆಯಲ್ಲಿಡುವ, 1 ಗ್ರಾಂ ತನಕ ತೋರಿಸುವ, 5 ಅಥವಾ 10 ಕಿಲೋ ಸಾಮರ್ಥ್ಯದ ಸಣ್ಣ ಯಂತ್ರ ಸಾಕು.

ತೂಕ ಮಾಡಬೇಕಾದದ್ದು ವಸ್ತುವನ್ನಲ್ಲ, ಅಂಟು ಪಟ್ಟಿ ಹಚ್ಚಿ, ವಿಳಾಸ ಬರೆದು ಮುಗಿಸಿದ ಪೊಟ್ಟಣವನ್ನು. ಲಕೋಟೆಗಳ ಒಂದು ಕಟ್ಟು 240 ಗ್ರಾಂ ಇತ್ತು ಎನ್ನಿ. ಮಡಚದಿರಲಿ ಎಂದು ಎರಡು ಬದಿಗೆ ರಟ್ಟು ಇಟ್ಟಾಗ 262 ಆಯಿತು. ಅಲ್ಲಿಗೆ ಅದು 251ರಿಂದ 500 ಗ್ರಾಂ ಹಂತಕ್ಕೆ ಜಿಗಿಯಿತು. ದಿಲ್ಲಿಗೆ 72 ಇದ್ದದ್ದು 86, ಜಿಎಸ್‌ಟಿ ಸೇರಿ 16.52 ರೂಪಾಯಿ ಹೆಚ್ಚು. ದಪ್ಪ ರಟ್ಟಿನ ಬದಲು ತೆಳು ರಟ್ಟು ಬಳಸಿದರೆ ಅದೇ ಕಟ್ಟು 250ರೊಳಗೆ ಬರಬಹುದು. ತೂಕ ಹಂತದ ಗಡಿಗೆ 10 ಗ್ರಾಂ ಹತ್ತಿರವಿದ್ದರೆ ಮೇಲಿನ ಹಂತವೆಂದೇ ಹಿಡಿದು ದರ ಬರೆಯಿರಿ. ನಿಮ್ಮ ಯಂತ್ರಕ್ಕೂ ಕೌಂಟರಿನ ಯಂತ್ರಕ್ಕೂ ಒಂದೆರಡು ಗ್ರಾಂ ಹೆಚ್ಚುಕಡಿಮೆ ಬರುತ್ತದೆ.

ಪಾರ್ಸೆಲ್‌ನಲ್ಲಿ ಇನ್ನೊಂದು ಗುಂಡಿ ಇದೆ, ಗಾತ್ರದ ತೂಕ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ, ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ಹಿಡಿಯುವುದು ಕೊರಿಯರ್‌ಗಳ ಸಾಮಾನ್ಯ ಪದ್ಧತಿ. ಭೂಮಾರ್ಗದ ಸೇವೆಗಳಲ್ಲಿ ಈ ಭಾಜಕ ಬೇರೆ ಇರಬಹುದು, ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ.

ಹಿತ್ತಾಳೆಯ ಸಮೆಯನ್ನು, ಅಂದರೆ ಎತ್ತರದ ಎಣ್ಣೆ ದೀಪದ ಕಂಬವನ್ನು ನೋಡಿ. ನಿಂತ ಎತ್ತರ 40 ಸೆಂಟಿಮೀಟರ್, ಪ್ಯಾಕಿಂಗ್ ಸೇರಿ 2.1 ಕಿಲೋ. ಹಾಗೇ ನಿಲ್ಲಿಸಿ 45×20×20ರ ಬಾಕ್ಸಿನಲ್ಲಿ ಇಟ್ಟರೆ ಗುಣಲಬ್ಧ 18,000, ಗಾತ್ರದ ತೂಕ 3.6 ಕಿಲೋ. ಅಂದರೆ ಒಂದೂವರೆ ಕಿಲೋ ಗಾಳಿಗೆ ಹಣ ಕೊಟ್ಟಂತೆ. ಸಮೆಯ ಬುಡ, ಕಂಬ, ತಟ್ಟೆಗಳು ತಿರುಪಿನ ಮೇಲೆ ಕೂತಿರುತ್ತವೆ. ಬಿಚ್ಚಿ 25×20×18ರ ಬಾಕ್ಸಿಗೆ ಇಳಿಸಿದರೆ ಗಾತ್ರದ ತೂಕ 1.8ಕ್ಕೆ ಬರುತ್ತದೆ, ಆಗ ನಿಜವಾದ 2.1 ಕಿಲೋಗೆ ಮಾತ್ರ ದರ. ಬಿಚ್ಚುವಾಗ ತಿರುಪಿನ ಮೇಲೆ ಹಳೆಯ ಎಣ್ಣೆಯ ಜಿಗಟು ಇದ್ದರೆ ಬಿಸಿನೀರಿನಲ್ಲಿ ಅದ್ದಿ ಒರೆಸಿ, ಇಕ್ಕಳ ಹಾಕಿದರೆ ಗುರುತು ಬೀಳುತ್ತದೆ. ತಿರುಪಿನ ಹಲ್ಲುಗಳಿಗೆ ಬಟ್ಟೆ ಸುತ್ತಿ. ಇಲ್ಲದಿದ್ದರೆ ದಾರಿಯಲ್ಲಿ ಕಂಬ ತಟ್ಟೆಗೆ ಬಡಿದು ಹಲ್ಲು ಜಜ್ಜಿಹೋಗುತ್ತದೆ, ಗಿರಾಕಿಗೆ ಮತ್ತೆ ಕೂಡಿಸಲು ಬರುವುದಿಲ್ಲ. ಮೂರು ತುಂಡುಗಳಿಗೂ ಪ್ರತ್ಯೇಕ ಗುಳ್ಳೆ ಹಾಳೆ, ಐದು ಪದರದ ಬಾಕ್ಸ್, ಅಲುಗಾಡಿಸಿದರೆ ಸದ್ದು ಬರದಷ್ಟು ಬಿಗಿ.

ಸೀರೆಗೆ ಇದರ ಉಲ್ಟಾ. ಬಾಕ್ಸ್ ಬೇಡವೇ ಬೇಡ. ತೆಳು ಪ್ಲಾಸ್ಟಿಕ್ ಒಳಗವಚ, ಮೇಲೆ ಹರಿಯದ ಕೊರಿಯರ್ ಕವರ್, ಮಧ್ಯೆ ಮಡಿಕೆ ಮುದುಡದಿರಲು ಒಂದು ಹಾಳೆ ಇದ್ದರೆ ಆಯಿತು. ಉಡುಗೊರೆಯ ಬಾಕ್ಸ್ ಬೇಕು ಎನ್ನುವವರಿಗೆ ಅದರ ಹಣ ಬೇರೆ ಎಂದು ಹೇಳಿ.

ಟು ಪೇ ಮತ್ತು ಬಸ್ ಪಾರ್ಸೆಲ್

ಭಾರದ ಸರಕಿಗೆ, ಮುಖ್ಯವಾಗಿ ನಮ್ಮ ಜಿಲ್ಲೆಗಳ ಒಳಗೆ, ಇದು ಅಗ್ಗದ ದಾರಿ. ಬಸ್ಸಿನಲ್ಲಿ ಪಾರ್ಸೆಲ್ ಕಳಿಸುವ, ರಾಜ್ಯದ ಸಾರಿಗೆ ಸಂಸ್ಥೆಗಳ ‘ನಮ್ಮ ಕಾರ್ಗೊ’ ಸೇವೆ 2021ರಿಂದ ಇದೆ. ಬೆಳಗಾವಿ, ಬಾಗಲಕೋಟೆ ವಾಯವ್ಯ ಕರ್ನಾಟಕ ಸಾರಿಗೆಗೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರಿದ್ದರಿಂದ ಯಾವ ಬಸ್ ನಿಲ್ದಾಣದಲ್ಲಿ ಕೊಟ್ಟು ಯಾವುದರಲ್ಲಿ ಪಡೆಯಬೇಕು ಎನ್ನುವುದನ್ನು ಎರಡೂ ಕಡೆ ಖಚಿತಪಡಿಸಿಕೊಳ್ಳಿ. ಖಾಸಗಿ ಲಾರಿ ಪಾರ್ಸೆಲ್‌ಗಳಲ್ಲಿ ಟು ಪೇ ಎಂದು ಬರೆದರೆ ಗಿರಾಕಿ ಬಿಡಿಸಿಕೊಳ್ಳುವಾಗ ಬಾಡಿಗೆ ಕೊಡುತ್ತಾನೆ, ಮಾರುವವರ ಕೈಯಲ್ಲಿ ಅಂಚೆಯ ಹಣ ಹಾಯುವುದೇ ಇಲ್ಲ. ಆ ಮಟ್ಟಿಗೆ ಇದಕ್ಕಿಂತ ಸ್ವಚ್ಛ ರೀತಿ ಇಲ್ಲ.

ಆದರೆ ಮೊತ್ತ ಎಷ್ಟು ಎಂದು ಗಿರಾಕಿಗೆ ಮೊದಲೇ ಗೊತ್ತಾಗುವುದಿಲ್ಲ. ಬಾಡಿಗೆ, ಹಮಾಲಿ, ರಸೀದಿ ಶುಲ್ಕ ಸೇರಿ ಬಿಡಿಸಿಕೊಳ್ಳುವಾಗ ಎದುರಾಗುತ್ತದೆ. ತಡವಾದರೆ ಡೆಮರೇಜ್, ಅಂದರೆ ಸರಕು ಇಟ್ಟುಕೊಂಡದ್ದಕ್ಕೆ ಶುಲ್ಕ, ಬೀಳಬಹುದು. ಮನೆಗೆ ತರಲು ಆಟೊ ಬೇರೆ. ಬುಕಿಂಗ್ ಕಚೇರಿಯಲ್ಲಿ ಅಂದಾಜು ಬಾಡಿಗೆ ಕೇಳಿ ಹರಾಜಿನ ವಿವರಣೆಯಲ್ಲೇ ಬರೆದರೆ ಈ ಕೊರತೆ ನೀಗುತ್ತದೆ.

ಕೈಗೇ ಕೊಡುವುದಾದರೆ ಹೇಳುವುದು ಹೆಚ್ಚೇನಿಲ್ಲ: ‘ಬೆಳಗಾವಿಯಲ್ಲಿ ಬಂದು ಒಯ್ಯಬಹುದು, ಅಂಚೆ ಖರ್ಚಿಲ್ಲ’ ಎಂಬ ಸಾಲನ್ನು ಬಿಡಬೇಡಿ. ಬಂದು ಒಯ್ದವರಿಂದಲೂ ಪ್ಯಾಕಿಂಗ್ ಹಣ ಕೇಳುವವರಿದ್ದಾರೆ. ಅದು ಸಲ್ಲದು.

ಪ್ಯಾಕಿಂಗ್ ಹಣ ಎಷ್ಟಿದ್ದರೆ ನ್ಯಾಯ?

ಅಂಚೆ ರಸೀದಿಯಲ್ಲಿ 70 ಇದ್ದು ನೀವು 85 ತೆಗೆದುಕೊಂಡಿದ್ದರೆ ತಲೆ ತಗ್ಗಿಸಬೇಕಾಗಿಲ್ಲ. ಬಾಕ್ಸ್, ಗುಳ್ಳೆ ಹಾಳೆ, ಅಂಟು ಪಟ್ಟಿ ಪುಕ್ಕಟೆ ಬರುವುದಿಲ್ಲ, ಅಂಚೆ ಕಚೇರಿಗೆ ಹೋಗಿಬರುವ ಖರ್ಚೂ ಇದೆ. ಆ ಓಡಾಟದ ಖರ್ಚನ್ನು ಆ ದಿನ ಒಯ್ದ ಎಲ್ಲ ಪೊಟ್ಟಣಗಳಿಗೆ ಹಂಚಬೇಕು. ಆಟೊಗೆ 60 ಕೊಟ್ಟು ಆರು ಪೊಟ್ಟಣ ಒಯ್ದರೆ ಒಂದಕ್ಕೆ 10, ಪ್ರತಿಯೊಂದಕ್ಕೂ 60 ಅಲ್ಲ. ನಿಮ್ಮ ಸಮಯದ ಬೆಲೆ, ಫೋಟೊ ತೆಗೆದ ಶ್ರಮ, ತಾಣದ ಕಮಿಷನ್, ಇವು ಸರಕಿನ ಬೆಲೆಯೊಳಗೆ ಇರಬೇಕಾದವು. ಅಂಚೆಯ ಹೆಸರಿನಲ್ಲಿ ಬಂದರೆ ಅದೇ ಮುಚ್ಚಿಟ್ಟ ಲಾಭ. ಜಿಎಸ್‌ಟಿ ನೋಂದಣಿ ಇರುವವರು ನೆನಪಿಡಬೇಕು: ಗಿರಾಕಿಯಿಂದ ವಸೂಲಿ ಮಾಡಿದ ಪ್ಯಾಕಿಂಗ್ ಮತ್ತು ಸಾಗಣೆಯ ಹಣ ಸರಕಿನ ಮೌಲ್ಯಕ್ಕೇ ಸೇರುತ್ತದೆ, ತೆರಿಗೆಯಿಂದ ಹೊರಗಿಡಲು ಬರುವುದಿಲ್ಲ.

ಅತಿ ಹೆಚ್ಚು ಹಣ ಸದ್ದಿಲ್ಲದೆ ಹೋಗುವುದು ಒಟ್ಟುಗೂಡಿಸಿ ಕಳಿಸುವಲ್ಲಿ. ಒಬ್ಬರೇ ನಾಲ್ಕು ಲಾಟ್ ಅಂಚೆಚೀಟಿ ಗೆದ್ದರು, ಪ್ರತಿಯೊಂದಕ್ಕೂ ಅಂಚೆ 60 ಎಂದು ಬರೆದಿತ್ತು, 240 ಕೊಟ್ಟರು. ಒಂದೊಂದು 30 ಗ್ರಾಂ, ನಾಲ್ಕೂ ಒಂದೇ ಲಕೋಟೆಯಲ್ಲಿ 250 ಗ್ರಾಂ ದಾಟದೆ ಹೋದವು. ದಿಲ್ಲಿಗೇ ಕಳಿಸಿದ್ದರೂ ಖರ್ಚು 84.96. ಉಳಿದ 155 ರೂಪಾಯಿ ಯಾರದ್ದು? ಗಿರಾಕಿಯದ್ದು. ಹಾಗಾಗಿ ‘ಮೊದಲ ಲಾಟ್‌ಗೆ 65, ಆಮೇಲಿನ ಪ್ರತಿಯೊಂದಕ್ಕೆ 10, ಏಳು ದಿನದೊಳಗೆ ಗೆದ್ದದ್ದೆಲ್ಲ ಒಂದೇ ಪೊಟ್ಟಣದಲ್ಲಿ’ ಎಂಬಂಥ ನಿಯಮ ಬರೆದಿಡಿ. ಹೀಗೆ ಬರೆದವರ ಬಳಿ ಜನ ಒಂದಕ್ಕೆ ನಿಲ್ಲಿಸದೆ ಇನ್ನೆರಡಕ್ಕೆ ಸವಾಲು ಹಾಕುತ್ತಾರೆ. ಹಣ ಪಡೆದ ಮೇಲೆ ಖರ್ಚು ತೀರಾ ಕಡಿಮೆ ಬಂದರೆ ವ್ಯತ್ಯಾಸವನ್ನು ಯುಪಿಐನಲ್ಲಿ ಮರಳಿಸುವುದು ಎರಡು ನಿಮಿಷದ ಕೆಲಸ.

ವಿಮೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ವಿಮೆ ಮಾಡಿಸದ ಪೊಟ್ಟಣ ಕಳೆದರೆ ಸಿಗುವ ಪರಿಹಾರಕ್ಕೂ ವಸ್ತುವಿನ ಬೆಲೆಗೂ ಸಂಬಂಧ ಇರುವುದಿಲ್ಲ. ‘ವಿಮೆ ಸೇರಿದೆ’ ಎಂದು ಹಣ ಪಡೆದು ಮಾಡಿಸದೇ ಕಳಿಸುವುದು ನೇರ ವಂಚನೆ. ರಸೀದಿಯಲ್ಲಿ ಅದು ನಮೂದಾಗಿರುತ್ತದೆ, ಕೇಳಿ ನೋಡಿ.

ಮರಳಿ ಬಂದರೆ ಯಾರ ಖರ್ಚು?

ವಿವರಣೆಗೆ ಹೊಂದದ ವಸ್ತು ಬಂದಿದ್ದರೆ, ಒಡೆದಿದ್ದರೆ, ಹೋಗುವ-ಬರುವ ಎರಡೂ ಅಂಚೆ ಮಾರುವವರದ್ದು. ಗಿರಾಕಿಗೆ ಮನಸ್ಸು ಬದಲಾಗಿದ್ದರೆ, ಮಾರುವವರು ವಾಪಸು ಪಡೆಯಲು ಒಪ್ಪಿದಲ್ಲಿ, ಎರಡೂ ಗಿರಾಕಿಯದ್ದು. ತಪ್ಪು ವಿಳಾಸದಿಂದ ಮರಳಿ ಬಂದದ್ದು ವಿಳಾಸ ಕೊಟ್ಟವರ ಹೊಣೆ. ಅಂಚೆ ಉಚಿತ ಎಂದವರು ಇದನ್ನು ವಿಶೇಷವಾಗಿ ಬರೆಯಬೇಕು. ಬೆಲೆಯೊಳಗೆ ಅಂಚೆ ಎಷ್ಟು ಕೂತಿದೆ ಎಂದು ಗೊತ್ತಿಲ್ಲದಿದ್ದರೆ ಮರುಪಾವತಿಯ ಹೊತ್ತಿಗೆ ‘ಅಂಚೆ ಕಳೆದು ಇಷ್ಟು’ ಎಂದು ಮನಬಂದ ಮೊತ್ತ ಹಿಡಿಯಲು ದಾರಿಯಾಗುತ್ತದೆ.

ಯಾವ ಸರಕಿಗೆ ಯಾವುದು

ಅಂಚೆಚೀಟಿ, ಲಕೋಟೆ, ಖಣಕ್ಕೆ ಒಂದೇ ದರ, ಜೊತೆಗೆ ಒಟ್ಟುಗೂಡಿಸುವ ನಿಯಮ. ಗಡಿಯಾರ, ಇಳಕಲ್ ಸೀರೆಗೆ ಉಚಿತ ಅಂಚೆ, ಆರಂಭದ ಬೆಲೆಯಲ್ಲೇ ಅದನ್ನು ಸೇರಿಸಿ. ಪುಸ್ತಕಕ್ಕೆ ತೂಕದ ದರ. ಹಿತ್ತಾಳೆ, ಮರದ ಸಾಮಾನು, ಎರಡು ಕಿಲೋ ದಾಟಿದ ಯಾವುದಕ್ಕಾದರೂ ತೂಕ-ದೂರದ ದರ, ಹತ್ತಿರದವರಿಗೆ ಬಸ್ ಪಾರ್ಸೆಲ್‌ನ ಆಯ್ಕೆ. 1 ರೂಪಾಯಿಗೆ ಹರಾಜು ತೆರೆಯುವುದರಲ್ಲಿ ತಪ್ಪೇನೂ ಇಲ್ಲ, ಅಂಚೆಯ ಮೊತ್ತ ಮೊದಲ ಸಾಲಿನಲ್ಲೇ ಇದ್ದರೆ, ನಿಜವಾಗಿದ್ದರೆ. ವಿವರಣೆ ಹೀಗಿದ್ದರೆ ಸಾಕು:

‘ಆರಂಭ 1 ರೂ. ಪ್ಯಾಕಿಂಗ್ ಸೇರಿ ತೂಕ 2.1 ಕಿಲೋ, ಬಾಕ್ಸ್ 25×20×18. ಅಂಚೆ ಮತ್ತು ಪ್ಯಾಕಿಂಗ್: ಬೆಂಗಳೂರಿಗೆ ಇಷ್ಟು, ಮುಂಬಯಿಗೆ ಇಷ್ಟು, ದಿಲ್ಲಿಗೆ ಇಷ್ಟು. ಇದರಲ್ಲಿ ಪ್ಯಾಕಿಂಗ್ 40. ಬಸ್ ಪಾರ್ಸೆಲ್ ಬೇಕಾದವರು ಹೇಳಿ. ಬಾಗಲಕೋಟೆಯಲ್ಲಿ ಬಂದು ಒಯ್ದರೆ ಎರಡೂ ಇಲ್ಲ. ಕಳಿಸಿದ ದಿನವೇ ರಸೀದಿಯ ಫೋಟೊ.’

ಕಾನೂನು ಏನು ಹೇಳುತ್ತದೆ

ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಮಾರುಕಟ್ಟೆ ತಾಣಗಳಲ್ಲಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಸಂಖ್ಯೆಯಲ್ಲಿ ತೋರಿಸಬೇಕು. ವಿತರಣೆ, ಅಂಚೆ, ನಿರ್ವಹಣೆ ಶುಲ್ಕ, ತೆರಿಗೆಗಳನ್ನು ಬಿಡಿಬಿಡಿಯಾಗಿಯೂ ಕೊಡಬೇಕು. ಮನೆಯ ಹಳೆಯ ವಸ್ತುವೊಂದನ್ನು ಅಪರೂಪಕ್ಕೆ ಮಾರುವ ವ್ಯಕ್ತಿಗೆ ಈ ನಿಯಮ ಅನ್ವಯಿಸುವುದಿಲ್ಲ, ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ ಅನ್ವಯಿಸುತ್ತದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ನಿಷೇಧಿಸಿವೆ. ಬೆಲೆಯ ಒಂದು ಭಾಗವನ್ನು ಮುಚ್ಚಿಟ್ಟು, ಕೊಳ್ಳುವುದು ಖಾತ್ರಿಯಾದ ಮೇಲೆ ಹೊರತೆಗೆಯುವುದು ಅವುಗಳಲ್ಲಿ ಒಂದು.

ಹೆಚ್ಚು ಹಣ ಹೋಗಿದೆ ಎನಿಸಿದರೆ ಪೊಟ್ಟಣವನ್ನು ಒಡೆಯುವ ಮುಂಚೆ ಅದರ ಮೇಲಿನ ಚೀಟಿಯ ಫೋಟೊ ತೆಗೆದಿಡಿ. ತೂಕ, ಬುಕ್ ಮಾಡಿದ ದಿನ, ಕಟ್ಟಿದ ಮೊತ್ತ ಅದರಲ್ಲಿ ಅಥವಾ ಮಾರುವವರ ಬಳಿಯ ರಸೀದಿಯಲ್ಲಿ ಇರುತ್ತದೆ. ಹರಾಜಿನ ಪುಟದ, ಅಂಚೆ ಖರ್ಚು ಹೇಳಿದ ಸಂದೇಶದ, ಹಣ ಕಟ್ಟಿದ ವಿವರದ ಸ್ಕ್ರೀನ್‌ಶಾಟ್‌ಗಳನ್ನು ಜೊತೆಗಿಡಿ. ಮೊದಲು ಮಾರುವವರಿಗೆ ರಸೀದಿ ಕೇಳಿ ಬರೆಯಿರಿ. ಬಹಳಷ್ಟು ಸಲ ವ್ಯತ್ಯಾಸದ ಹಣ ಅಲ್ಲಿಗೇ ಮರಳುತ್ತದೆ. ಆಗದಿದ್ದರೆ ತಾಣದ ದೂರು ವಿಭಾಗಕ್ಕೆ ಹೋಗಿ, ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ದೂರು ಶುಲ್ಕವಿಲ್ಲ, ಮಾರುವವರು ಯಾವ ಊರಿನವರೇ ಇರಲಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 155 ರೂಪಾಯಿಗಾಗಿ ಒಬ್ಬರೇ ಆಯೋಗದ ಮೆಟ್ಟಿಲು ಹತ್ತುವುದು ಕಷ್ಟ. ಅದೇ ಮಾರಾಟಗಾರರಿಂದ ಅದೇ ರೀತಿ ಹಣ ಕಳೆದುಕೊಂಡವರು ಗುಂಪಿನಲ್ಲಿ ಇನ್ನೂ ಇದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಲು 2019ರ ಗ್ರಾಹಕ ರಕ್ಷಣಾ ಕಾಯ್ದೆಯ 35ನೇ ಕಲಂನಲ್ಲಿ ಅವಕಾಶವಿದೆ.